ಆ ಗಡಿಯಾರ ಎಲ್ಲಿ ಹೋಯ್ತು?

ಎಡ್ವರ್ಡ್ ಕರ್ಟಿಸ್ ಅನ್ನೋ ಹೆಸರು ನೀವು ಕೇಳಿಲ್ಲದೇ ಇರಬಹುದು, ಆದರೆ ಅವನು ತೆಗೆದ ಫೋಟೋಗಳನ್ನಂತೂ ಖಂಡಿತ ನೋಡಿರ್ತೀರಿ. ಕಂದು ಬಣ್ಣದ ಹಳೇ ಚಿತ್ರಗಳು. ತಲೆಗೆ ಗರಿ, ಮುಖದ ತುಂಬ ಸುಕ್ಕು, ಎಲ್ಲೋ ದೂರದಲ್ಲಿ ನೆಟ್ಟ ಕಣ್ಣು... 'ರೆಡ್ ಇಂಡಿಯನ್' ಅಂದ ಕೂಡಲೇ ನಮ್ಮ ತಲೆಯಲ್ಲಿ ಮೂಡೋದು ಹೆಚ್ಚುಕಮ್ಮಿ ಅವನು ಕೊಟ್ಟ ಚಿತ್ರವೇ.

ಕರ್ಟಿಸ್ ಸಿಯಾಟಲ್‌ನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದವನು. ಈ ಜನ ಇನ್ನೇನು ಅಳಿದೇ ಹೋಗ್ತಾರೆ, ಅಷ್ಟರೊಳಗೆ ಎಲ್ಲವನ್ನೂ ದಾಖಲಿಸಿಬಿಡಬೇಕು ಅನ್ನೋದು ಅವನ ಹಟ. 1906ರಲ್ಲಿ ಜೆ.ಪಿ. ಮಾರ್ಗನ್ ಎಂಬ ಭಾರೀ ಸಾಹುಕಾರ 75 ಸಾವಿರ ಡಾಲರ್ ಕೊಡೋದಕ್ಕೆ ಒಪ್ಪಿದ. 1907ರಿಂದ 1930ರವರೆಗೆ ಇಪ್ಪತ್ತು ಸಂಪುಟಗಳು ಬಂದವು. ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳು. ಮೇಣದ ಸಿಲಿಂಡರುಗಳಲ್ಲಿ ಹಾಡು, ಮಾತುಗಳನ್ನೂ ಹಿಡಿದಿಟ್ಟ. ಆಸ್ತಿ, ಸಂಸಾರ, ಆರೋಗ್ಯ ಎಲ್ಲಾ ಈ ಕೆಲಸದಲ್ಲೇ ಕರಗಿಹೋಯ್ತು. ಅವನ ಶ್ರದ್ಧೆಗೆ ಕೈಮುಗೀಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅವನ ಒಂದು ಫೋಟೋ ನನ್ನನ್ನು ಬಹಳ ದಿನದಿಂದ ಕಾಡ್ತಾ ಇದೆ. 1910ರದ್ದು. ಪೀಗನ್ ಬುಡಕಟ್ಟಿನ ಒಬ್ಬ ಅಪ್ಪ, ಒಬ್ಬ ಮಗ ತಮ್ಮ ಡೇರೆಯೊಳಗೆ ಕೂತಿದ್ದಾರೆ. ಸುತ್ತ ಅವರ ಸಾಮಾನುಗಳು. ಇಬ್ಬರ ನಡುವೆ ಒಂದು ಗಡಿಯಾರ ಇತ್ತು, ಮೇಜಿನ ಮೇಲಿಡೋ ಅಂಥದ್ದು. ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ ಆ ಗಡಿಯಾರ ಇಲ್ಲ! ಫೋಟೋಶಾಪ್ ಇಲ್ಲದ ಕಾಲದಲ್ಲಿ ಅದನ್ನು ಅಳಿಸಿ ಹಾಕಿದ್ದಾರೆ. ತಿದ್ದದೇ ಇರುವ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಈಗಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಒಂದು ಗಡಿಯಾರ ತಾನೇ, ಹೋದರೆ ಹೋಯ್ತು ಅನ್ನಿಸಬಹುದು. ನನಗೆ ಹಾಗನ್ನಿಸೋದಿಲ್ಲ. ಗಡಿಯಾರ ಇದ್ದರೆ ಅವರಿಬ್ಬರೂ 1910ರಲ್ಲಿ ಬದುಕಿದ್ದ ಮನುಷ್ಯರು. ಬೇಕಾದ್ದನ್ನು ಅಂಗಡಿಯಿಂದ ತಂದುಕೊಂಡು, ತಮ್ಮ ಡೇರೆಯಲ್ಲೇ ಇಟ್ಟುಕೊಂಡವರು. ಗಡಿಯಾರ ತೆಗೆದ ಕೂಡಲೇ ಅವರು ಕಾಲವೇ ಇಲ್ಲದ ಲೋಕದವರಾಗಿಬಿಡ್ತಾರೆ. ಅಂಥವರು 'ಮರೆಯಾಗೋದು' ಸೂರ್ಯ ಮುಳುಗಿದಷ್ಟೇ ಸಹಜ ಅನ್ನಿಸ್ತದೆ. ಯಾರನ್ನೂ ದೂರುವ ಹಾಗಿಲ್ಲ.

ನಿಜಕ್ಕೂ ಅದು ಸಹಜವಾಗಿತ್ತಾ? 1883ರಲ್ಲಿ ಅಮೆರಿಕ ಸರ್ಕಾರ ನಿಯಮ ಮಾಡಿ ಅವರ ಸೂರ್ಯ ನೃತ್ಯದಂಥ ಆಚರಣೆಗಳನ್ನೇ ಅಪರಾಧ ಅಂತ ಘೋಷಿಸಿತ್ತು. ಮಕ್ಕಳನ್ನು ದೂರದ ವಸತಿ ಶಾಲೆಗೆ ಒಯ್ದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಶಿಕ್ಷೆ ಕೊಡ್ತಿದ್ದರು. ಕೆನಡಾದಲ್ಲಿ 'ಪಾಟ್‌ಲ್ಯಾಚ್' ಅಂತ ಒಂದು ದೊಡ್ಡ ಕೊಡುಗೆಯ ಹಬ್ಬ ಇತ್ತು. ಅದರ ಮೇಲೆ 1885ರಿಂದ 1951ರವರೆಗೆ ನಿಷೇಧ. ಆ ನಿಷೇಧ ಜಾರಿಯಲ್ಲಿದ್ದಾಗಲೇ ಕರ್ಟಿಸ್ ಅಲ್ಲಿನ ಕ್ವಾಕ್ವಕಾವಕ್ವ ಜನರನ್ನು ಹಾಕಿಕೊಂಡು ಒಂದು ಸಿನಿಮಾ ಮಾಡಿ 1914ರಲ್ಲಿ ಬಿಡುಗಡೆ ಮಾಡಿದ. ಕ್ಯಾಮೆರಾ ಮುಂದೆ ಕುಣಿದರೆ ಕಲೆ, ಮನೆಯ ಹಬ್ಬದಲ್ಲಿ ಕುಣಿದರೆ ಜೈಲು!

ಅಂದಹಾಗೆ ಅವರು ಅಳಿದೂ ಹೋಗಲಿಲ್ಲ. 1900ರ ಜನಗಣತಿಯಲ್ಲಿ ಸುಮಾರು 2.37 ಲಕ್ಷ ಇದ್ದವರು, 2020ರಲ್ಲಿ ಮಿಶ್ರ ಮೂಲ ಹೇಳಿಕೊಂಡವರೂ ಸೇರಿ 97 ಲಕ್ಷ. 1920ರ ದಶಕದಿಂದಲೇ ಓಕ್ಲಹಾಮಾದಲ್ಲಿ ಹೊರೇಸ್ ಪೂಲಾ ಅನ್ನೋ ಕಯೋವಾ ಬುಡಕಟ್ಟಿನವನು ತನ್ನವರ ಫೋಟೋ ತೆಗೀತಿದ್ದ. ಅವನ ಚಿತ್ರಗಳಲ್ಲಿ ಗರಿಯೂ ಇದೆ, ಕಾರೂ ಇದೆ, ಸೈನ್ಯದ ಸಮವಸ್ತ್ರವೂ ಇದೆ. ಯಾವುದನ್ನೂ ಅಳಿಸುವ ಗೋಜಿಗೆ ಅವನು ಹೋಗಲಿಲ್ಲ.

ಇಷ್ಟೆಲ್ಲಾ ಅಮೆರಿಕದ ಕಥೆ ಯಾಕೆ ಹೇಳಿದೆ ಅಂದರೆ, ನಮ್ಮೂರು ಅಂಕೋಲಾ ಕಡೆ. ಅಲ್ಲಿನ ಹಾಲಕ್ಕಿ ಒಕ್ಕಲಿಗರ ಫೋಟೋ ನೀವೆಲ್ಲ ನೋಡಿದ್ದೀರಿ. ಕೊರಳ ತುಂಬ ರಾಶಿ ರಾಶಿ ಮಣಿಸರ, ಹೆಗಲಿಗೆ ಕಟ್ಟಿದ ಸೀರೆ. ತುಳಸಿ ಗೌಡ ಅವರು 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಫೋಟೋ ಇಡೀ ದೇಶ ಸುತ್ತಿತು. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲೇ ಪದ್ಮಶ್ರೀ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಒಬ್ಬರು, 2025ರ ಫೆಬ್ರವರಿಯಲ್ಲಿ ಇನ್ನೊಬ್ಬರು ತೀರಿಕೊಂಡರು. ಆಗೆಲ್ಲ ಆ ಮಣಿಸರದ ಫೋಟೋಗಳೇ ಮತ್ತೆ ಮತ್ತೆ ಬಂದವು. ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ವರ್ಷಗಟ್ಟಲೆ ದುಡಿದದ್ದು, ಸುಕ್ರಜ್ಜಿ ಸಾರಾಯಿ ವಿರುದ್ಧ ಊರೂರು ತಿರುಗಿದ್ದು ಫೋಟೋದಲ್ಲಿ ಕಾಣೋದಿಲ್ಲ ನೋಡಿ.

ನಮ್ಮ ಮನೆಗೆ ತರಕಾರಿ ತರ್ತಿದ್ದ ಒಬ್ಬ ಹಾಲಕ್ಕಿ ಅಜ್ಜಿ ಇದ್ದಾಳೆ. ಈಗ ವಯಸ್ಸಾಯ್ತು, ಬುಟ್ಟಿ ಹೊರೋದಿಲ್ಲ. ಹೋದ ಸಲ ಊರಿಗೆ ಹೋದಾಗ ಅವಳ ಮನೆಗೆ ಹೋಗಿದ್ದೆ. ಹೆಗಲಲ್ಲಿದ್ದ ನನ್ನ ಕ್ಯಾಮೆರಾ ನೋಡಿ ನಕ್ಕಳು. "ನೀನೂ ತಂದ್ಯಾ ತಮಾ?" ಅಂದಳು. ಯಾರೋ ಬೆಂಗಳೂರಿನವರು ಬಂದಿದ್ದರಂತೆ. "ಮಣಿ ಎಲ್ಲಾ ಹಾಕಂಡಿ ನಿಲ್ಲು ಅಂದ್ರು, ನಿಂತೆ. ಕುರ್ಚಿ ಒಳಗಿಡು ಅಂದ್ರು, ಇಟ್ಟೆ. ರವಕೆ ತೆಗಿ ಅಂದ್ರು. ಅದಾಗುದಿಲ್ಲ ಅಂದೆ."

ಕುರ್ಚಿ ಅಂದರೆ ಅಂಗಳದಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಥೇಟ್ ಆ ಗಡಿಯಾರದ ಕಥೆಯೇ!

ಅವಳ ಸೊಸೆ ಮಣಿ ಹಾಕೋದಿಲ್ಲ. ಯಾಕೆ ಅಂತ ಕೇಳಿದೆ. ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡ್ತಾರೆ, ಮೊಬೈಲಲ್ಲಿ ಫೋಟೋ ಹೊಡೀತಾರೆ, ಅದಕ್ಕೇ ಬಿಟ್ಟೆ ಅಂದಳು. ಕೇಳಿ ಸುಮ್ಮನಾದೆ. ಸಂಪ್ರದಾಯ ಮರೆಯಾಗೋದಕ್ಕೆ ಕ್ಯಾಮೆರಾವೂ ಒಂದು ಕಾರಣ ಆಗಬಹುದು ಅಂತ ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ.

ದೊಡ್ಡ ಕಾರಣಗಳು ಬೇರೆ ಇವೆ ಬಿಡಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟವರಲ್ಲಿ ಮೀನುಗಾರರ ಜೊತೆ ಹಾಲಕ್ಕಿಗಳೂ ಇದ್ದಾರೆ. ಗದ್ದೆ ಹೋದಮೇಲೆ ಗದ್ದೆಯ ಹಾಡು ಎಲ್ಲಿಂದ ಬರಬೇಕು? ಇನ್ನೊಂದು ವಿಚಿತ್ರ ಕೇಳಿ. ಫೋಟೋದ ಕೆಳಗೆ ಎಲ್ಲರೂ ಇವರನ್ನು 'ಬುಡಕಟ್ಟು ಜನ' ಅಂತಲೇ ಬರೀತಾರೆ. ಆದರೆ ಸರ್ಕಾರದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ಅವರು ದಶಕಗಳಿಂದ ಕೇಳ್ತಾನೇ ಇದ್ದಾರೆ. ಫೋಟೋಗೆ ಬುಡಕಟ್ಟು, ಸವಲತ್ತಿಗೆ ಅಲ್ಲ.

ಹಾಗಂತ ಫೋಟೋ ತೆಗೀಲೇಬಾರದು ಅಂತ ನಾನು ಹೇಳೋದಿಲ್ಲ. ಕರ್ಟಿಸ್‌ನ ಆ ಸಿನಿಮಾವನ್ನು ಸರಿಪಡಿಸಿ 2008ರಲ್ಲಿ ಮತ್ತೆ ತೋರಿಸಿದಾಗ, ಅದರಲ್ಲಿ ನಟಿಸಿದ್ದವರ ವಂಶದವರೇ ವೇದಿಕೆಗೆ ಬಂದು ಕುಣಿದರು. ಅವನ ಹಳೇ ಫೋಟೋಗಳಲ್ಲಿ ತಮ್ಮ ಮುತ್ತಜ್ಜನನ್ನು ಗುರುತು ಹಿಡಿದವರು ಎಷ್ಟೋ ಜನ. ಅದು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ಅನೇಕ ಕಡೆ ಅವನು ಹೆಸರು ಬರೆದಿಟ್ಟಿದ್ದ. ಗಡಿಯಾರದ ಫೋಟೋದ ಆ ಅಪ್ಪ-ಮಗನ ಹೆಸರೂ ಗೊತ್ತಿದೆ: ಲಿಟಲ್ ಪ್ಲೂಮ್, ಯೆಲ್ಲೋ ಕಿಡ್ನಿ. ನಮ್ಮಲ್ಲಿ 'ಬುಡಕಟ್ಟು ಮಹಿಳೆ' ಅಂತ ಬಹುಮಾನ ಗೆದ್ದ ಫೋಟೋಗಳಲ್ಲಿ ಆ ಮಹಿಳೆಯ ಹೆಸರು, ಊರು ಎಷ್ಟರಲ್ಲಿ ಇರ್ತದೆ ಹೇಳಿ?

ಅಜ್ಜಿಯ ಫೋಟೋ ನಾನೂ ತೆಗೆದೆ, ಅವಳು ಹೇಳಿದ ಹಾಗೆ. ಕುರ್ಚಿ ಹೊರಗೆ ಬಂತು. ಮೊಮ್ಮಗಳು ಯೂನಿಫಾರ್ಮ್‌ನಲ್ಲಿ ಪಕ್ಕ ನಿಂತಳು. ಮಣಿ ಹಾಕಬೇಕೋ ಬೇಡವೋ ಅಂತ ಅಜ್ಜಿ ಒಂದು ಕ್ಷಣ ಯೋಚಿಸಿ, ಎರಡು ಸರ ಮಾತ್ರ ಹಾಕಿಕೊಂಡಳು. ಬಾಕಿ ಭಾರ ಅಂತೆ :) ಅದನ್ನು ಇಲ್ಲಿ ಹಾಕ್ತಾ ಇಲ್ಲ, ಅದು ಅವರ ಮನೆಯದ್ದು. ಪೇಟೆಯಲ್ಲಿ ಎರಡು ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ.

ನೀವೂ ರಜೆಯಲ್ಲಿ ಯಾವುದಾದರೂ ಹಾಡಿಗೋ ಕೊಪ್ಪಕ್ಕೋ ಕ್ಯಾಮೆರಾ ಹಿಡಿದು ಹೋಗೋರಿದ್ದರೆ ನನ್ನದೊಂದು ಕೋರಿಕೆ. ಮೊದಲು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಹೂಂ ಅಂದರೆ ಹೆಸರು, ಊರು, ಇಸವಿ ಬರೆದಿಡಿ. ಒಂದು ಪ್ರಿಂಟ್ ತಪ್ಪದೇ ತಲುಪಿಸಿ. ಮತ್ತೆ, ದಯವಿಟ್ಟು ಕುರ್ಚಿ ಎತ್ತಿಡೋಕೆ ಹೇಳಬೇಡಿ.