ಮಿಸುಕದ ಅಕ್ಷರಗಳು

ಪ್ರೋಟೀನಿನಲ್ಲಿ ಮುಖ್ಯವಾದ ಜಾಗ ಯಾವುದೆಂದು ಕಂಪ್ಯೂಟರಿನಲ್ಲಿ ಹುಡುಕುವುದು ನನ್ನ ಕಸುಬು. "ಹಾಗಂದ್ರೆ ಮಾತ್ರೆ ಕಂಡುಹಿಡೀತೀಯೇನೋ?" ಎನ್ನುವ ಸೋದರತ್ತೆಗೆ ಇಷ್ಟು ವರ್ಷವಾದರೂ ನೆಟ್ಟಗೆ ಉತ್ತರ ಕೊಡಲಾಗಿಲ್ಲ. ಮಾಡುವುದು ಇಷ್ಟೆ: ಒಂದೇ ಪ್ರೋಟೀನು ಬೇರೆಬೇರೆ ಜೀವಿಗಳಲ್ಲಿ ಹೇಗಿದೆಯೋ ಅದನ್ನು ಅಮೈನೋ ಆಮ್ಲಕ್ಕೊಂದು ಅಕ್ಷರದಂತೆ ಬರೆದ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ, ಯುಗ ಕಳೆದರೂ ಮಿಸುಕದ ಅಕ್ಷರ ಯಾವುದೆಂದು ನೋಡುವುದು.

ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ನಮ್ಮಲ್ಲಿ 104 ಅಮೈನೋ ಆಮ್ಲಗಳದ್ದು. ಚಿಂಪಾಂಜಿಯದೂ ಥೇಟ್ ಅದೇ. ರೀಸಸ್ ಕೋತಿಯಲ್ಲಿ 58ನೆಯದು ಮಾತ್ರ ಬೇರೆ: ನಮ್ಮ ಐಸೊಲ್ಯೂಸಿನ್ ಬದಲು ಥ್ರಿಯೊನಿನ್. ಯೀಸ್ಟಿನ ಹೊತ್ತಿಗೆ ಬೇಕಾದಷ್ಟು ಬದಲಾಗಿರುತ್ತದೆ. ಆದರೆ ಹೀಮ್‌ನ ಕಬ್ಬಿಣವನ್ನು ಹಿಡಿದು ಕೂತ ನಮ್ಮ 18ನೆಯ ಹಿಸ್ಟಿಡಿನ್ ಅಲ್ಲಿಯೂ ಹಾಗೇ ಕೂತಿದೆ. ನಮ್ಮ ಮನೆಯ ಮದುವೆ ಆಲ್ಬಮ್‌ಗಳಲ್ಲೂ ಹೀಗೇ. ವಧೂವರರು, ಮೀಸೆ, ಸೀರೆ ಎಲ್ಲ ಬದಲಾದರೂ ಕೊಪ್ಪರಿಗೆಯ ಹಿಂದೆ ಅದೇ ಅಡುಗೆಭಟ್ಟರ ಮನೆತನ.

ಆದರೆ ಮಿಸುಕದ್ದೆಲ್ಲ ದುಡಿಯುತ್ತದೆಂದಲ್ಲ. ಕೆಲವು ಗ್ಲೈಸಿನ್‌ಗಳು ಸರಪಳಿ ಬಾಗುವುದಕ್ಕೆ ಎಡೆ ಬಿಟ್ಟುಕೊಂಡು ಸುಮ್ಮನಿರುತ್ತವೆ. ಇನ್ನು ಮಧ್ಯಾಹ್ನದ ಹುಳಿಯ ಬೇಳೆಯನ್ನು ಕತ್ತರಿಸುವ ಕೈಮೋಟ್ರಿಪ್ಸಿನ್ನನ್ನೇ ನೋಡಿ. ಅಲ್ಲಿ ದುಡಿಯುವವರು 57, 102, 195, ಸಾಲಿನಲ್ಲಿ ಎಲ್ಲಿಂದೆಲ್ಲಿಗೋ ಇರುವ ಮೂವರು. ಪ್ರೋಟೀನು ಮಡಚಿಕೊಂಡಾಗ ಅಕ್ಕಪಕ್ಕ. ಟ್ರಿಪ್ಸಿನ್ನಿನಲ್ಲೂ ಇದೇ ಮೂವರು. ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ದೊಡ್ಡ ಮಾತು 189ರದ್ದು. ಅಲ್ಲಿ ಆಸ್ಪಾರ್ಟೇಟ್ ಇರುವ ಟ್ರಿಪ್ಸಿನ್‌ಗೆ ಲೈಸಿನ್, ಆರ್ಜಿನಿನ್ ಇಷ್ಟ. ಸೆರಿನ್ ಇರುವ ಕೈಮೋಟ್ರಿಪ್ಸಿನ್‌ಗೆ ಉಂಗುರವಿರುವ ದಪ್ಪ ಅಮೈನೋ ಆಮ್ಲಗಳು. ಬದಲಾಗದ್ದನ್ನೇ ಹುಡುಕುವವನ ಕಣ್ಣಿಗೆ ಈ 189 ಬೀಳುವುದೇ ಇಲ್ಲ. 1996ರಲ್ಲಿ ಲಿಖ್ಟಾರ್ಜ್, ಬೋರ್ನ್, ಕೋಹೆನ್ ಇಂಥದ್ದಕ್ಕೇ ಒಂದು ಉಪಾಯ ಮಾಡಿದರು: ವಂಶವೃಕ್ಷವನ್ನು ಕವಲು ಮಾಡಿ, ಒಂದೊಂದು ಕವಲಿನೊಳಗೆ ಒಂದೇ ಆಗಿದ್ದು ಕವಲಿಂದ ಕವಲಿಗೆ ಬೇರೆಯಾಗುವ ಜಾಗಗಳನ್ನೂ ಗುರುತುಹಾಕುವುದು. ಊರು ಬಿಟ್ಟು, ಮಾತಿನ ಧಾಟಿ ಬದಲಾದ ನನ್ನಂಥವನಿಗೆ ಅದು ಯಾಕೋ ಸಮಾಧಾನದ ಸುದ್ದಿಯಾಗಿತ್ತು.

ಆಗೆಲ್ಲ ಪ್ರಿಂಟ್‌ಔಟುಗಳನ್ನು ಸೆಲೋಟೇಪಿನಲ್ಲಿ ಅಂಟಿಸಿ, ಸ್ಕೇಲನ್ನು ಉದ್ದಕ್ಕಿಟ್ಟು, ಸ್ಕೆಚ್‌ಪೆನ್ನಿನಲ್ಲಿ ಗೀಟೆಳೆಯುತ್ತಿದ್ದೆ. ಈಗ ರಾಶಿ ರಾಶಿ ಸಾಲುಗಳನ್ನು ಓದಿಕೊಂಡ ಭಾಷಾ ಮಾದರಿಗಳು ಹೊಸ ಪ್ರೋಟೀನನ್ನು ನೋಡುತ್ತಲೇ ಭವಿಷ್ಯ ಹೇಳುತ್ತವೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಅಂಥ ಮಾದರಿ ಕೊಟ್ಟ, ಟ್ರಿಪ್ಸಿನ್ನಿನ ಮುಖ್ಯ ಜಾಗಗಳ ಪಟ್ಟಿ ತಂದಳು. 57, 102, 195 ಸಾಲಾಗಿ ಮೇಲೇ ಇದ್ದವು. ಸಿಕ್ಕಿಬಿದ್ದೆಯಮ್ಮ ಎಂದುಕೊಂಡು, "189 ಎಲ್ಲಿ?" ಎಂದೆ.

"ಇದೆ ಸಾರ್, ಕೆಳಗೆ ಸ್ಕ್ರೋಲ್ ಮಾಡಿ."