ಕೈಯಿಂದ ತುಂಬಿದ ತೋಟಾ

ಕೋವಿಯ ವಿಷಯವು ಗೃಹಸ್ಥರು ಓದುವ ಪತ್ರಿಕೆಗೆ ತಕ್ಕುದೇ ಎಂದು ವಾಚಕರು ಕೇಳಬಹುದು. ನಮ್ಮ ಮಲೆನಾಡಿನಲ್ಲಿ ಕೋವಿಯೂ ಗೃಹಕೃತ್ಯದ ಸಾಮಗ್ರಿಗಳಲ್ಲೊಂದು. ಬೆಳೆ ಕಾಯುವುದಕ್ಕಾಗಿ ಪರವಾನಿಗೆ ಪಡೆದ ಕೇಪಿನ ಕೋವಿಯು ಅನೇಕ ರೈತರ ಮನೆಗಳಲ್ಲಿ ಉಂಟು. ಚುನಾವಣೆ ಬಂದಿತೆಂದರೆ ಅದು ಪೋಲೀಸು ಠಾಣೆಗೆ ಹೋಗಿ ಕೆಲವು ವಾರ ಕುಳಿತು ಬರುವುದೂ ಉಂಟು.

ಭದ್ರಾವತಿಯಲ್ಲಿರುವ ನಮ್ಮ ಸೋದರಳಿಯನಿಗೆ ಗುರಿ ಹೊಡೆಯುವ ಹುಚ್ಚು. ತಾಯಿಯೊಡನೆ ಶಿವಮೊಗ್ಗೆಗೆ ಬಂದಿದ್ದಾಗ, "ಮಾವ, ಸಾವಿರ ಗಜ ದೂರಕ್ಕೆ ಹೊಡೆಯುವ ವಿದೇಶೀಯರಲ್ಲಿ ಬಹುಮಂದಿ ಅಂಗಡಿಯ ತೋಟಾವನ್ನು ಮೆಚ್ಚುವುದಿಲ್ಲವಂತೆ. ಬಳಸಿದ ಹಿತ್ತಾಳೆಯ ಕೊಳವೆಗೆ ತಾವೇ ಮದ್ದು ತುಂಬಿಕೊಳ್ಳುತ್ತಾರಂತೆ. ನಾನೂ ಕಲಿಯಬೇಕು" ಎಂದನು. ನಮ್ಮ ತಂಗಿಯ ಮುಖ ಬಾಡಿತು. "ಅಣ್ಣ, ನೀನಾದರೂ ಹೇಳು" ಎಂದಳು.

ಅವಳ ಭಯವು ನಿಷ್ಕಾರಣವಾದುದಲ್ಲ. ಅವಳ ಮಾವನವರು 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಬಹುಕಾಲ ದುಡಿದವರು. ಅಲ್ಲಿ ಅದಿರು, ಇದ್ದಿಲು, ಸುಣ್ಣಕಲ್ಲು ಮೂರನ್ನೂ ತೂಗಿಯೇ ಕುಲುಮೆಗೆ ಹಾಕುತ್ತಿದ್ದರು. ಅದೇ ಮಹನೀಯರು ರಜೆಯಲ್ಲಿ ಊರಿಗೆ ಹೋದರೆ ಕೇಪಿನ ಕೋವಿಗೆ ಮದ್ದನ್ನು ಬೆರಳಿನಿಂದ ಅಳೆದು ಜಡಿಯುವರು! ಒಂದು ಸಂಜೆ, ಜಡಿದುದನ್ನು ಮರೆತು ಮತ್ತೊಮ್ಮೆ ಜಡಿದರು. ನಳಿಗೆ ಸೀಳಿತು, ಎಡಗೈಯ ಎರಡು ಬೆರಳು ಹೋದುವು. ಅಡಕೆ ಸುಲಿಯುವುದನ್ನು ಅವರು ಮೊದಲಿನಿಂದ ಕಲಿಯಬೇಕಾಯಿತು.

ಹಾಗೆಂದು ಹುಡುಗನ ಮಾತು ಹುರುಳಿಲ್ಲದ್ದಲ್ಲ. ಅಂಗಡಿಯ ಸಾರಿನ ಪುಡಿಗೂ ಮನೆಯ ಸಾರಿನ ಪುಡಿಗೂ ಇರುವ ಭೇದವನ್ನು ಗೃಹಿಣಿಯರು ನೆನೆದರೆ ಸಾಕು. ಕಾರ್ಖಾನೆಯ ತೋಟಾ ಆ ಅಳತೆಯ ಎಲ್ಲ ಬಂದೂಕುಗಳಿಗೂ ಸಲ್ಲಬೇಕು. ಕೈಯಿಂದ ತುಂಬುವವನು ತನ್ನ ಒಂದು ಬಂದೂಕಿಗಾಗಿ ತುಂಬುವನು. ಅವನ ತೂಕ ಗ್ರೇನಿನ ಲೆಕ್ಕದ್ದು. 7000 ಗ್ರೇನು ಸೇರಿದರೆ ಒಂದು ಪೌಂಡು. ಅವನು ಬಯಸುವುದು ಹೆಚ್ಚಿನ ವೇಗವನ್ನಲ್ಲ, ವೇಗದ ಸಮತೆಯನ್ನು. ಸೆಕೆಂಡಿಗೆ 2600 ಅಡಿಯಂತೆ ಹೊರಡುವ ಗುಂಡು ಒಮ್ಮೆ 25 ಅಡಿ ಹಿಂದುಳಿದರೆ 100 ಗಜದಲ್ಲಿ ಕಣ್ಣಿಗೆ ಕಾಣದು. 1000 ಗಜದಲ್ಲಿ ಸುಮಾರು ಒಂದು ಗೇಣು ಕೆಳಗೆ ಬೀಳುವುದು.

ಇಂತಹ ಮಾತು ಬಂದೊಡನೆ ನಮ್ಮಂತಹ ಸಂಸ್ಕೃತದವರು ಶುಕ್ರನೀತಿಯ ಅಗ್ನಿಚೂರ್ಣವನ್ನು ಮುಂದೆ ತರುವುದುಂಟು. ಅದರಿಂದ ಕೋವಿಯ ಪ್ರಾಚೀನತೆಗಿಂತ ಆ ಗ್ರಂಥದ ಅರ್ವಾಚೀನತೆಯೇ ಸಿದ್ಧಿಸುವುದೆಂದು ನಮಗೆ ತೋರುವುದು. ಅದಕ್ಕಿಂತ ನಮ್ಮೂರಿನ ಶಿವಪ್ಪನಾಯಕನ ಅರಮನೆಗೆ ಹೋಗುವುದು ಲೇಸು. ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಮೀರಿ ದೊರೆತ ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ಟುಗಳನ್ನು ಅಲ್ಲಿಗೆ ತಂದರು. ಅವೂ ಕೈಯಿಂದ ಮದ್ದು ತುಂಬಿದ ಕೊಳವೆಗಳೇ. ಆದರೆ ಅವು ಎಲ್ಲವೂ ಒಂದೇ ಗಾತ್ರದವಲ್ಲ. ಶತ್ರುಸೈನ್ಯದ ಗುಂಪಿನ ಮೇಲೆ ಒಟ್ಟಾಗಿ ಹಾರಿಸುವುದಕ್ಕೆ ಅಷ್ಟು ಸಾಕು; ಒಂದು ಚುಕ್ಕೆಯನ್ನು ಹೊಡೆಯುವುದಕ್ಕೆ ಸಾಲದು. ತಕ್ಕಡಿ ಹಿಡಿಯದ ಕೈಗೆ ಯಂತ್ರವನ್ನು ಮೀರುವ ಹಕ್ಕಿಲ್ಲ.

ಇಷ್ಟೆಲ್ಲ ಚರ್ಚೆಯಾದ ಮೇಲೆ, "ನಿನ್ನಲ್ಲಿರುವುದು ಯಾವ ಬಂದೂಕಪ್ಪ?" ಎಂದು ಕೇಳಿದೆವು. ಪರವಾನಿಗೆಯಿಂದ ಪಡೆದ .22ರ ಚಿಕ್ಕ ರೈಫಲು! ಆ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುವುದು. ಬಂದೂಕಿನ ಪೆಟ್ಟಿಗೆ ಅಂಚು ಜಜ್ಜಿಹೋದ ಬಳಿಕ ಪಂದ್ಯಕ್ಕಾಗುವಂತೆ ಅದನ್ನು ಮತ್ತೆ ತುಂಬಲಾಗದು. ದೊಡ್ಡ ರೈಫಲು ಬಂದರೂ, ಮದ್ದುಗುಂಡಿನ ತಯಾರಿಕೆಗೆ ಬೇರೆಯೇ ಪರವಾನಿಗೆ ಬೇಕೆಂದು 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಪ್ರಕರಣ ವಿಧಿಸುತ್ತದೆ.

ಹುಡುಗ ಪೆಚ್ಚಾದನು. ಆದರೆ ಚಿಕ್ಕ ರೈಫಲಿನವರಿಗೂ ಒಂದು ದಾರಿಯುಂಟು. ಒಂದು ತಂಡದಲ್ಲಿ ತಯಾರಾದ ತೋಟಾಗಳ ಪೆಟ್ಟಿಗೆಯ ಮೇಲೆ ಒಂದೇ ಸಂಖ್ಯೆ ಅಚ್ಚಾಗಿರುವುದು. ಹಲವು ಸಂಖ್ಯೆಗಳವನ್ನು ತನ್ನ ಬಂದೂಕಿನಲ್ಲಿ ಹೊಡೆದು ನೋಡಿ, ಒತ್ತಾಗಿ ಬಿದ್ದುದನ್ನೇ ಪಂದ್ಯಗಳಿಗೆ ಕೂಡಿಡುವುದು ನುರಿತವರ ಪದ್ಧತಿ. ಮನೆಯಲ್ಲಿ ಮದ್ದು ತೂಗುವ ತಾಳ್ಮೆಯನ್ನು ಇಲ್ಲಿ ತೋರಿದರಾಯಿತು. ಈಗ ಅವನ ಪುಸ್ತಕದಲ್ಲಿ ಮೂರು ಸಂಖ್ಯೆಗಳೂ ಒಂದೊಂದರ ಎದುರಿಗೆ ಗುಂಡು ತಗುಲಿದ ಜಾಗದ ಚುಕ್ಕೆಗಳೂ ಇರುವುವು. ತಂಗಿಯು ಆ ಪುಸ್ತಕವನ್ನು ಆಗಾಗ ತೆರೆದು ನೋಡುವಳಂತೆ. ಅವನು ದೊಡ್ಡ ರೈಫಲಿನ ಮಾತನ್ನಂತೂ ಇನ್ನೂ ಬಿಟ್ಟಿಲ್ಲ.