ಹಾಸಿಗೆ ಎತ್ತುವುದು

ರಾತ್ರಿ ಹಾಸಿದ್ದನ್ನು ಬೆಳಿಗ್ಗೆ ಕೊಡವಿ, ಮಡಚಿ, ಅದರ ಜಾಗದಲ್ಲಿ ಇಡುವ ಕೆಲಸಕ್ಕೆ ಕನ್ನಡದಲ್ಲಿ ಹಾಸಿಗೆ ಎತ್ತುವುದು ಎನ್ನುತ್ತಾರೆ. ಚಾಪೆಯನ್ನು ಸುತ್ತುತ್ತಾರೆ, ಜಮಖಾನವನ್ನೂ ಹೊದಿಕೆಯನ್ನೂ ಮಡಚುತ್ತಾರೆ, ಗಾದಿಯನ್ನು ಸುರುಳಿ ಮಾಡುತ್ತಾರೆ. ಎಲ್ಲ ಸೇರಿದರೆ ಎತ್ತುವುದು. ಮಂಚದ ಮೇಲಿನ ಮೇಲುಹಾಸಿನ ಸುಕ್ಕು ಬಿಡಿಸಿ, ದಿಂಬು ನೆಟ್ಟಗಿಟ್ಟು ಬರುವುದು ಇದರ ಈಚಿನ ರೂಪ. ಅದಕ್ಕೆ ಹಾಸಿಗೆ ಸರಿಮಾಡುವುದು ಎಂದು ಹೆಸರು. ಎರಡೂ ಒಂದೇ ಎಂದು ತಿಳಿಯುವವರು ಉಂಟು. ಸರಿಮಾಡಿದ ಹಾಸಿಗೆ ಹಗಲೆಲ್ಲ ಅಲ್ಲೇ ಬಿದ್ದಿರುತ್ತದೆ. ಎತ್ತಿದ ಹಾಸಿಗೆಯ ಜಾಗದಲ್ಲಿ ನೆಲ ಕಾಣುತ್ತದೆ.

ಈ ಕೆಲಸ ಆಗಬೇಕು ಎಂಬುದರಲ್ಲಿ ಯಾವ ಮನೆಯಲ್ಲೂ ಜಗಳವಿಲ್ಲ. ಯಾರಿಂದ ಆಗಬೇಕು ಎಂಬುದರಲ್ಲಿ ಇದೆ. ಕೊನೆಗೆ ಎದ್ದವರು ಎಲ್ಲರ ಹಾಸಿಗೆಯನ್ನೂ ಎತ್ತಬೇಕೆಂಬ ಕಾನೂನು ಹಲವು ಮನೆಗಳಲ್ಲಿತ್ತು. ಮಕ್ಕಳು ಬೇಗ ಏಳಲಿ ಎಂದು ಹಿರಿಯರು ಮಾಡಿದ್ದು. ಆದದ್ದು ಬೇರೆ: ಹೇಗೂ ತನ್ನ ತಲೆಗೇ ಬಂತು ಎಂದು ಗೊತ್ತಾದವನು, ಎತ್ತುವುದನ್ನು ಎಷ್ಟು ಹೊತ್ತು ಮುಂದೂಡಬಹುದೋ ಅಷ್ಟು ಹೊತ್ತೂ ಮುಸುಕೆಳೆದು ಮಲಗಿದ. ಮಡಿ ಹಿಡಿಯುವ ಮನೆಗಳಲ್ಲಿ ಇನ್ನೊಂದು ಏರ್ಪಾಟಿತ್ತು. ಅಲ್ಲಿ ಹತ್ತಿಯ ಹಾಸಿಗೆ ಮೈಲಿಗೆ, ಸ್ನಾನವಾದವರು ಮುಟ್ಟುವಂತಿಲ್ಲ. ಉಣ್ಣೆಯ ಕಂಬಳಿಗೆ ಆ ದೋಷವಿಲ್ಲ. ಹೀಗಾಗಿ ಹಾಸಿಗೆ ಎತ್ತುವುದು ಇನ್ನೂ ಸ್ನಾನವಾಗದವರ, ಎಂದರೆ ಮಕ್ಕಳ, ಪಾಲಿಗೆ ಬೀಳುತ್ತಿತ್ತು. ಇಂಥ ಮನೆಯ ಹುಡುಗನೊಬ್ಬ ಬೆಳಿಗ್ಗೆ ಐದಕ್ಕೇ ತಲೆಗೆ ನೀರು ಹಾಕಿಕೊಂಡು ವಿಭೂತಿ ಇಟ್ಟುಕೊಂಡು ನಿಂತರೆ ಅದನ್ನು ಭಕ್ತಿ ಎಂದು ತಿಳಿಯಬೇಕಾಗಿಲ್ಲ.

ಎತ್ತುವುದಕ್ಕೆ ಕ್ರಮವಿದೆ. ಮೊದಲು ದಿಂಬು ಪಕ್ಕಕ್ಕೆ. ಆಮೇಲೆ ಹೊದಿಕೆಗಳು, ಕೌದಿ ಇದ್ದರೆ ಅದೊಂದೇ ಎರಡು ಹೊದಿಕೆಯ ಭಾರ, ಏಕೆಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು. ಜಮಖಾನಕ್ಕೆ ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಹಿಂದೆ ಸರಿದು ಬಿಗಿಯಾಗಿ ಎಳೆಯುತ್ತಾರೆ. ಒಮ್ಮೆ ಒದರಿದರೆ ಫಟ್ ಎಂದು ಸದ್ದಾಗಿ ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ಏಳುತ್ತದೆ. ಈಗ ಒಬ್ಬರು ಬಲಗೈ ಮೂಲೆಯನ್ನು ಎಡಗೈಗೆ ತಂದರೆ ಎದುರಿನವರು ಎಡಗೈಯದನ್ನು ಬಲಗೈಗೆ ತರಬೇಕು. ತಪ್ಪಿದರೆ ಜಮಖಾನ ಹಗ್ಗದಂತೆ ತಿರುಚಿಕೊಳ್ಳುತ್ತದೆ. ಸರಿಹೋದರೆ ಒಬ್ಬರು ಇನ್ನೊಬ್ಬರ ಕಡೆ ನಡೆದು ಬಂದು, ತಮ್ಮ ಮೂಲೆಗಳನ್ನು ಅವರ ಕೈಗೆ ಒಪ್ಪಿಸಿ, ಬಗ್ಗಿ ನಡುವಿನ ಮಡಿಕೆಯನ್ನು ಎತ್ತಿಕೊಳ್ಳುತ್ತಾರೆ. ಹಿಂದಿನ ರಾತ್ರಿ ಮಾತು ಬಿಟ್ಟ ಅಕ್ಕ ತಮ್ಮ ಕೂಡ ಇಲ್ಲಿ ಒಂದು ಮಾತಾದರೂ ಆಡಲೇಬೇಕು. ಸಾಮಾನ್ಯವಾಗಿ ಅದು “ನೆಟ್ಟಗೆ ಹಿಡ್ಕೊಳ್ಳೋ” ಎಂಬುದು. ಜಮಖಾನಕ್ಕೆ ಹೆಸರಾದ ಊರು ಧಾರವಾಡ ಜಿಲ್ಲೆಯ ನವಲಗುಂದ. ಅಲ್ಲಿಯ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದನ್ನು ನೇಯುವವರು ಹೆಂಗಸರು. ಹೆಚ್ಚಿನ ಮನೆಗಳಲ್ಲಿ ಅದನ್ನು ಹಾಸುವವರೂ ಎತ್ತುವವರೂ ಅವರೇ.

ಚಾಪೆಯನ್ನು ಎಂದೂ ಮಡಚಬಾರದು, ಮಡಿಕೆಯಲ್ಲಿ ಮುರಿಯುತ್ತದೆ. ಸುತ್ತಿ ಬಾಗಿಲ ಹಿಂದೆ ನಿಲ್ಲಿಸಬೇಕು. ಗಾದಿಗಳು ಕೋಣೆಯ ಮೂಲೆಯಲ್ಲಿ ಒಂದರ ಮೇಲೊಂದು ಏರುತ್ತವೆ, ಅವುಗಳ ಮೇಲೆ ದಿಂಬು, ದಿಂಬಿನ ಮೇಲೆ ಒಂದು ಹಳೆಯ ಸೀರೆ ಹೊದಿಸಿರುತ್ತದೆ. ಆ ಒಟ್ಟಿಲಿನ ಮೇಲಿಂದ ಹಾರದೆ ದೊಡ್ಡವರಾದ ಮಕ್ಕಳು ಕಡಿಮೆ. ಹಾರಿ ಹಾರಿ ಒಳಗಿನ ಅರಳೆ ಗಂಟುಗಟ್ಟಿದಾಗ ಪಿಂಜಾರರನ್ನು ಕರೆಸುತ್ತಿದ್ದರು. ಅಂಗಳದಲ್ಲಿ ಗಾದಿಯ ಹೊಲಿಗೆ ಬಿಚ್ಚಿ, ದೊಡ್ಡ ಬಿಲ್ಲಿನ ನರವನ್ನು ಮೀಟುತ್ತ ಅವರು ಅರಳೆ ಹಿಂಜುತ್ತಿದ್ದರೆ ಟಂಯ್ ಟಂಯ್ ಸದ್ದು ಬೀದಿಯ ಕೊನೆಗೂ ಕೇಳುತ್ತಿತ್ತು. ಸಂಜೆಗೆ ಗಾದಿ ಉಬ್ಬಿ ಎರಡರಷ್ಟಾಗುತ್ತಿತ್ತು. ಮರುದಿನ ಬೆಳಿಗ್ಗೆ ಅದನ್ನು ಸುರುಳಿ ಮಾಡುವುದು ಒಬ್ಬರಿಂದ ಆಗುತ್ತಿರಲಿಲ್ಲ.

ಇನ್ನು ಪ್ರಯೋಜನಗಳು. ಈ ವಿಷಯದಲ್ಲಿ ಲೋಕಪ್ರಸಿದ್ಧವಾದ ಮಾತು ಒಬ್ಬ ಸೇನಾಧಿಕಾರಿಯದು. ಅಮೆರಿಕದ ನೌಕಾಪಡೆಯ ಅಡ್ಮಿರಲ್ ವಿಲಿಯಂ ಮೆಕ್‌ರೇವನ್ 2014ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಪದವೀಧರರ ಮುಂದೆ ಭಾಷಣ ಮಾಡುತ್ತ, ಜಗತ್ತನ್ನು ಬದಲಿಸಬೇಕೆಂದಿದ್ದರೆ ಮೊದಲು ಹಾಸಿಗೆ ಸರಿಮಾಡಿ ಎಂದರು. ಬೆಳಿಗ್ಗೆ ಒಂದು ಸಣ್ಣ ಕೆಲಸ ಮುಗಿಸಿದರೆ ಮುಂದಿನ ಕೆಲಸಕ್ಕೆ ಹುರುಪು ಬರುತ್ತದೆ. ದಿನವೆಲ್ಲ ಹಾಳಾದರೂ ರಾತ್ರಿ ಬಂದು ಬೀಳಲು ನೀಟಾದ ಹಾಸಿಗೆಯಾದರೂ ಇರುತ್ತದೆ ಎಂಬುದು ಅವರ ವಾದ. 2017ರಲ್ಲಿ ಅದು ಪುಸ್ತಕವಾಗಿ ಬಂದು ಚೆನ್ನಾಗಿ ಮಾರಾಟವಾಯಿತು. ಒಸಾಮಾ ಬಿನ್ ಲಾಡೆನ್ ಮೇಲಿನ 2011ರ ದಾಳಿಯ ಹೊಣೆ ಹೊತ್ತವರು ಹೇಳಿದ ಮಾತಾದ್ದರಿಂದ ಹುಡುಗರು ಬಾಯಿ ಮುಚ್ಚಿಕೊಂಡು ಕೇಳಿದರು. “ಏಳೋ, ಗುಡಿಸಬೇಕು, ಹಾಸಿಗೆ ಎತ್ತು” ಎಂದು ಪೊರಕೆ ಹಿಡಿದು ನಿಂತು ಹೇಳುವ ತಾಯಂದಿರಿಗೆ ಆ ಗೌರವ ಸಿಕ್ಕಿದ್ದು ಕಡಿಮೆ.

ಎತ್ತಬಾರದು ಎನ್ನುವ ಪಕ್ಷವೂ ಒಂದಿದೆ. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳು ಇರುತ್ತವೆ. ಉದುರಿದ ಚರ್ಮದ ಹುಡಿ ಅವುಗಳ ಆಹಾರ. ಅವು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಮಲಗಿದವರ ಬೆವರಿನಿಂದ ತೇವಗೊಂಡ ಹಾಸಿಗೆಯನ್ನು ಎದ್ದ ಕೂಡಲೇ ಮುಚ್ಚಿಬಿಟ್ಟರೆ ತೇವ ಒಳಗೇ ಉಳಿಯುತ್ತದೆ, ಹರಡಿ ಬಿಟ್ಟರೆ ಆರಿ ನುಸಿಗಳು ಸೊರಗಬಹುದು ಎಂದು ಬ್ರಿಟನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಹೇಳಿದರು. ಸೋಮಾರಿಗಳಿಗೆ ವಿಜ್ಞಾನದ ಮೇಲೆ ಅಷ್ಟು ಅಭಿಮಾನ ಹುಟ್ಟಿದ್ದು ಅದೇ ಮೊದಲಿರಬೇಕು. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದು ಹೊಸ ಸಂಗತಿಯಲ್ಲ. ಆಗ ಸುರುಳಿ ಮಾಡಿಟ್ಟ ಗಾದಿ ವಾರದಲ್ಲೇ ಮುಗ್ಗು ವಾಸನೆ ಹಿಡಿಯುತ್ತದೆ. ಬಿಸಿಲು ಒಂದು ಗಳಿಗೆ ಬಿದ್ದರೂ ಎಲ್ಲವನ್ನೂ ಹೊರಗೆ ಹರವುತ್ತಾರೆ. ಕಲೆಯ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಬ್ರಿಟಿಷ್ ಕಲಾವಿದೆ ಟ್ರೇಸಿ ಎಮಿನ್ 1998ರಲ್ಲಿ ತಾವು ದಿನಗಟ್ಟಲೆ ಮಲಗಿದ್ದ ಹಾಸಿಗೆಯನ್ನು ಇದ್ದ ಹಾಗೇ, ಸುಕ್ಕು, ಕಲೆ, ಖಾಲಿ ಬಾಟಲಿಗಳ ಸಮೇತ, ಕಲಾಕೃತಿ ಎಂದು ಮುಂದಿಟ್ಟರು. 2014ರಲ್ಲಿ, ಎಂದರೆ ಅಡ್ಮಿರಲ್ ಭಾಷಣ ಮಾಡಿದ ವರ್ಷವೇ, ಅದು ಲಂಡನ್ನಿನ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು.

ಈ ಎರಡೂ ಪಕ್ಷಗಳಲ್ಲಿ ಒಂದು ಸಮಾನ ಅಂಶವಿದೆ: ಹಾಸಿಗೆ ಒಬ್ಬರದು, ಕೋಣೆಯೂ ಅವರದೇ. ಸರಿಮಾಡಿದರೆ ಅವರಿಗೆ ಹುರುಪು, ಬಿಟ್ಟರೆ ಅವರ ನುಸಿ ಕಡಿಮೆ. ಮಲಗುವ ನಡುಮನೆಯಲ್ಲೇ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಬಂದವರಿಗೆ ಕಾಫಿ ಆಗಬೇಕಾದ ಮನೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಹಾಸಿಗೆ ಎತ್ತುವವರೆಗೆ ಕಸ ಗುಡಿಸುವಂತಿಲ್ಲ, ಗುಡಿಸುವವರೆಗೆ ಎಲೆ ಹಾಕುವಂತಿಲ್ಲ. ಏಳದವನೊಬ್ಬನ ಸುತ್ತ ಇಡೀ ಮನೆ ಕಾಯುತ್ತದೆ. ಹಾಸಿಗೆ ಎತ್ತುವುದೆಂದರೆ ರಾತ್ರಿಗೆಂದು ಪಡೆದ ಜಾಗವನ್ನು ಬೆಳಿಗ್ಗೆ ಉಳಿದವರಿಗೆ ಹಿಂದಿರುಗಿಸುವುದು. ಇಂಥ ಮನೆಗಳು ಕಡಿಮೆಯಾಗಿ, ಕೋಣೆಗೊಂದು ಮಂಚ ಬಂದ ಮೇಲೂ ಈ ಪದ್ಧತಿ ಅಳಿದಿಲ್ಲ. ಅದು ರೈಲಿನಲ್ಲಿ ಉಳಿದಿದೆ.

ಒಂದು ಕಾಲಕ್ಕೆ ರೈಲು ಹತ್ತುವವರು ಹಾಸಿಗೆಯನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಒಯ್ಯುವ ಸಾಧನದ ಹೆಸರು ಹೋಲ್ಡಾಲ್. ಖಾಕಿ ಅಥವಾ ಹಸಿರು ಕ್ಯಾನ್ವಾಸಿನ ಉದ್ದನೆಯ ಹಾಸು. ಎರಡು ತುದಿಗೂ ದೊಡ್ಡ ಜೇಬು. ತಲೆ ಕಡೆಯ ಜೇಬಿಗೆ ದಿಂಬು. ಕಾಲ ಕಡೆಯದಕ್ಕೆ ಟವೆಲು, ಚೊಂಬು, ಚಪ್ಪಲಿ, ಟ್ರಂಕಿನಲ್ಲಿ ಹಿಡಿಸದೆ ಉಳಿದದ್ದೆಲ್ಲ. ನಡುವೆ ತೆಳ್ಳನೆಯ ಗಾದಿ, ಹೊದಿಕೆ. ಸುರುಳಿ ಮಾಡಿ, ಮೇಲೆ ಮೊಣಕಾಲೂರಿ ಅದುಮಿ, ಎರಡು ಚರ್ಮದ ಪಟ್ಟಿಗಳನ್ನು ಬಕಲಿಗೆ ಎಳೆದು ಬಿಗಿಯಬೇಕು. ಮನೆಯಲ್ಲಿ ಒಂದೇ ಏಟಿಗೆ ಬಿಗಿದ ಹೋಲ್ಡಾಲ್, ಬೆಳಗಿನ ಜಾವ ಇಳಿಯುವ ನಿಲ್ದಾಣ ಹತ್ತಿರವಾದಾಗ ಎಷ್ಟು ಅದುಮಿದರೂ ಎರಡು ತೂತು ದೂರ ಉಳಿಯುತ್ತಿತ್ತು. ಅದರೊಳಗೆ ಹೊಸದೇನೂ ಸೇರಿರುವುದಿಲ್ಲ. ನಿದ್ದೆಯ ಹಾಸಿಗೆ ಎದ್ದ ಮೇಲೆ ಊದಿಕೊಂಡಿರುತ್ತದೆ ಎಂದೇ ಇದನ್ನು ವಿವರಿಸಬೇಕು.

ಹಾಸಿಗೆ ಒಯ್ಯಬೇಕಾಗಿದ್ದ ಕಾರಣ ಸರಳ: ಮೂರನೇ ದರ್ಜೆಯಲ್ಲಿ ಇದ್ದದ್ದು ಬರೀ ಮರದ ಹಲಗೆ. ಮೆತ್ತನೆಯದು ಮೊದಲ ದರ್ಜೆಯವರಿಗೆ. 1974ರಲ್ಲಿ ಮೂರನೇ ದರ್ಜೆ ಹೋಗಿ ಎಲ್ಲ ಎರಡನೇ ದರ್ಜೆಯಾಯಿತು. ಆದರೆ ಬದಲಾದದ್ದು ಹೆಸರು, ಹಲಗೆ ಹಲಗೆಯೇ. 1977ರಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಸಮಾಜವಾದಿ, ಅದಕ್ಕೂ ಮೊದಲು ಮುಂಬೈಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು. ಎರಡನೇ ದರ್ಜೆಯ ಮಲಗುವ ಹಲಗೆಗಳ ಮೇಲೆ ಎರಡು ಅಂಗುಲದ ಫೋಮ್ ಹೊದಿಸಬೇಕೆಂದು ಅವರು ಪಟ್ಟು ಹಿಡಿದರು. ಮೊದಲ ದರ್ಜೆಯೇ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ 1977ರ ಡಿಸೆಂಬರ್ 26ರಂದು ಮುಂಬೈ ಮತ್ತು ಹೌರಾ ನಡುವೆ ಆ ಫೋಮಿನ ಹಲಗೆಗಳೊಂದಿಗೆ ಹೊರಟಿತು. ಅವರು ಮಂತ್ರಿಯಾಗಿದ್ದದ್ದು ಎರಡು ವರ್ಷ ಚಿಲ್ಲರೆ. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಎಲ್ಲ ಸ್ಲೀಪರ್ ಬೋಗಿಗಳಿಗೂ ಫೋಮ್ ಬಂತು. ಕರಾವಳಿಯವರು ಅವರನ್ನು ಕೊಂಕಣ ರೈಲ್ವೆಗಾಗಿ ನೆನೆಯುತ್ತಾರೆ. ಆ ಹಾದಿಯ ಕನಸು ಕಂಡು ಅದರ ಬೆನ್ನು ಹತ್ತಿದವರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೊತೆಗೆ ಅವರೂ ಒಬ್ಬರು. ಆದರೆ ಈ ದೇಶದಲ್ಲಿ ಕೋಟಿಗಟ್ಟಲೆ ಬೆನ್ನುಗಳಿಗೆ ಉಪಕಾರ ಮಾಡಿದ ರಾಜಕಾರಣಿಗಳ ಪಟ್ಟಿ ತಯಾರಿಸಿದರೆ ಆ ಎರಡು ಅಂಗುಲಕ್ಕೆ ಮೊದಲ ಸ್ಥಾನ ಸಲ್ಲಬೇಕು. ಅವುಗಳ ಮೇಲೆ ಮಲಗಿದವರಲ್ಲಿ ಬಹುಪಾಲು ಜನಕ್ಕೆ ದಂಡವತೆಯವರ ಹೆಸರು ಗೊತ್ತಿಲ್ಲ. ಸುಖನಿದ್ದೆಯಲ್ಲಿದ್ದವರಿಗೆ ಹೆಸರು ಕೇಳಲು ಪುರಸೊತ್ತು ಇರುವುದಿಲ್ಲ.

ಫೋಮ್ ಬಂದಂತೆ ಹೋಲ್ಡಾಲ್ ಅಟ್ಟ ಸೇರಿತು. ಎ.ಸಿ. ಬೋಗಿಗಳಲ್ಲಿ ರೈಲ್ವೆಯೇ ಎರಡು ಚಾದರ, ದಿಂಬು, ರಗ್ಗು, ಸಣ್ಣ ಟವೆಲು ಕೊಡುತ್ತದೆ. 2020ರಲ್ಲಿ ಕೊರೊನಾ ಕಾರಣಕ್ಕೆ ಅದನ್ನು ನಿಲ್ಲಿಸಿ, 2022ರ ಮಾರ್ಚ್‌ನಲ್ಲಿ ಮತ್ತೆ ಶುರುಮಾಡುವವರೆಗೆ ಎ.ಸಿ.ಯವರೂ ಅಜ್ಜಂದಿರ ಹಾಗೆ ಹೊದಿಕೆ ಕಂಕುಳಲ್ಲಿಟ್ಟುಕೊಂಡು ಹತ್ತಿದರು. ಕೊಟ್ಟದ್ದನ್ನು ಬೆಳಿಗ್ಗೆ ಮಡಚಿಡಬೇಕೆಂದೇನೂ ಇಲ್ಲ. ಉಂಡೆ ಮಾಡಿ ಬಿಟ್ಟು ಇಳಿದರೂ ಯಾರೂ ಕೇಳುವುದಿಲ್ಲ. ಮಡಚಿಟ್ಟು ಇಳಿಯುವವರೂ ಇದ್ದಾರೆ. ಅವರು ನಡುಮನೆಯಲ್ಲಿ ಮಲಗಿ ಬೆಳೆದವರು ಎಂದು ಧಾರಾಳವಾಗಿ ಊಹಿಸಬಹುದು.

ಎತ್ತಲೇಬೇಕಾದದ್ದು ಮಧ್ಯದ ಬರ್ತ್. ಹಗಲು ಗೋಡೆಗೆ ತೂಗುಬಿದ್ದಿರುವ ಆ ಹಲಗೆಯನ್ನು ರಾತ್ರಿ ಮೇಲೆತ್ತಿ ಸರಪಳಿಗೆ ಸಿಕ್ಕಿಸುತ್ತಾರೆ. ಅದನ್ನು ಹಾಕಿದರೆ ಕೆಳಗಿನವರು ತಲೆಯೆತ್ತಿ ಕೂರುವಂತಿಲ್ಲ. ಆದ್ದರಿಂದ ರೈಲ್ವೆ ಹೊತ್ತು ಗೊತ್ತುಮಾಡಿದೆ. ಮೊದಲು ರಾತ್ರಿ 9ರಿಂದ ಎಂದಿತ್ತು; 2017ರಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದಾಯಿತು. ಕಾಯಿಲೆಯವರು, ಅಂಗವಿಕಲರು, ಬಸುರಿಯರಿಗೆ ಇನ್ನಷ್ಟು ಹೊತ್ತು ಮಲಗಲು ಬಿಡಬೇಕೆಂಬ ಕೋರಿಕೆಯೂ ಜೊತೆಗಿದೆ. ಬೆಂಗಳೂರಿನಿಂದ ರಾತ್ರಿ ಹೊರಟು ಮರುದಿನ ಮುಂಬೈ ಮುಟ್ಟುವ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಯಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಆರೂಕಾಲು. ಚಹಾದವನು ಎರಡು ಸಲ ಹೋಗಿ ಬಂದಿರುತ್ತಾನೆ. ಕೆಳಗಿನ ಬರ್ತಿನಲ್ಲಿ ಮುದುಕಿಯೊಬ್ಬರು ಕತ್ತು ಬಗ್ಗಿಸಿ, ಮಂಡಿಯ ಮೇಲೆ ಕಪ್ ಇಟ್ಟುಕೊಂಡು ಕೂತಿರುತ್ತಾರೆ. ಎದುರಿನವರು ಕೆಮ್ಮುತ್ತಾರೆ. ಕೊನೆಗೆ ಯಾರೋ “ಸ್ವಲ್ಪ ಏಳ್ತೀರಾ, ಅಜ್ಜಿಗೆ ಕೂರಕ್ಕಾಗ್ತಿಲ್ಲ” ಎನ್ನುತ್ತಾರೆ. ಮಧ್ಯದವನು ಮುಸುಕಿನೊಳಗಿಂದ “ಇನ್ನು ಐದು ನಿಮಿಷ” ಎನ್ನುತ್ತಾನೆ. ಮನೆಯಲ್ಲಿ ತಾಯಿಗೆ ಹೇಳಿ ಅಭ್ಯಾಸವಾದ ಮಾತು ಅದು. ಇಲ್ಲಿ ನಡೆಯುವುದಿಲ್ಲ. ಆರರ ನಂತರ ಆ ಹಲಗೆ ಬರ್ತ್ ಅಲ್ಲ. ಕೆಳಗೆ ಕೂತ ಮೂವರ ಬೆನ್ನಿಗೆ ಒರಗು.